ಉಬ್ಬಸದವರ ಮನೆಯಲ್ಲೊಂದು ಸ್ಪೇಸರ್

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಯಾರಾದರೂ ಉಬ್ಬಸಕ್ಕೆ ಇನ್‌ಹೇಲರ್ ಬಳಸುತ್ತಿದ್ದರೆ, ಅವರು ಅದನ್ನು ಒತ್ತುವಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಒತ್ತಿದ ಕೂಡಲೇ ತುಟಿಯ ಸಂದಿಯಿಂದಲೋ ಮೂಗಿನಿಂದಲೋ ತೆಳುವಾದ ಬಿಳಿ ಮಂಜು ಆಚೆ ಬಂತೇ? ಬಂದರೆ, ಆ ಮಂಜೇ ಔಷಧಿ. ಕಾಸು ಕೊಟ್ಟು ತಂದದ್ದು ಎದೆಗೆ ಇಳಿಯದೆ ಗಾಳಿ ಪಾಲಾಯಿತು. ಇನ್ನೊಂದಿಷ್ಟು ಗಂಟಲ ಹಿಂಬದಿಗೆ ಬಡಿದು, ಎಂಜಲಿನ ಜೊತೆ ಹೊಟ್ಟೆಗೆ ಹೋಗಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಎದೆರೋಗದ ವೈದ್ಯನಾಗಿ ನಾನು ಆಗಾಗ ನೋಡುವ ದೃಶ್ಯ ಇದು. ‘ನಿಮ್ಮ ಪಂಪ್ ತೆಗೀರಿ, ಹೇಗೆ ತಗೋತೀರಿ ತೋರಿಸಿ’ ಅನ್ನುತ್ತೇನೆ. ಜೇಬಿನಿಂದ ತೆಗೆಯುತ್ತಾರೆ. ಅಲುಗಾಡಿಸುವುದಿಲ್ಲ. ಮುಚ್ಚಳ ಬಿಚ್ಚಿ, ತಲೆ ಹಿಂದಕ್ಕೆ ವಾಲಿಸಿ, ಬಾಯಿ ಆ ಅಂತ ತೆರೆದು, ಚಕ್ ಚಕ್ ಎಂದು ಎರಡು ಸಲ ಒತ್ತಿ, ಆಮೇಲೆ ಗಬಕ್ಕನೆ ಉಸಿರು ಎಳೆಯುತ್ತಾರೆ. ‘ದಿನಾ ಹೀಗೇ ತಗೋತೀನಿ ಸಾರ್, ಏನೂ ಪ್ರಯೋಜನ ಕಾಣಲಿಲ್ಲ. ಸ್ವಲ್ಪ ಪವರ್ ಜಾಸ್ತಿ ಇರೋದು ಬರ್ಕೊಡಿ.’ ಪವರ್ ಜಾಸ್ತಿ ಮಾಡಿದರೆ ಗಂಟಲಿಗೆ ಬೀಳುವ ಔಷಧಿಯೇ ಜಾಸ್ತಿಯಾದೀತು. ಇಂಥವರಲ್ಲಿ ಬಹಳ ಮಂದಿಗೆ ನಾನು ಔಷಧಿ ಬದಲಾಯಿಸುವುದಿಲ್ಲ. ಅದೇ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಒಂದು ಪ್ಲಾಸ್ಟಿಕ್ ಕೊಳವೆ ಸೇರಿಸುತ್ತೇನೆ. ಸ್ಪೇಸರ್ ಅಂದರೆ ಇದೇ.

ಇನ್‌ಹೇಲರ್ ಡಬ್ಬಿಯೊಳಗೆ ಔಷಧಿಯ ಜೊತೆ, ಒತ್ತಡದಲ್ಲಿ ದ್ರವವಾಗಿಸಿದ ಅನಿಲ ಇರುತ್ತದೆ. ಒತ್ತಿದಾಗ ಅದರ ಕವಾಟ ಒಂದು ಅಳತೆಯಷ್ಟನ್ನೇ ಹೊರಗೆ ಬಿಡುತ್ತದೆ. ಉಬ್ಬಸ ಎದ್ದಾಗ ಕೂಡಲೇ ಉಸಿರುನಾಳ ಸಡಿಲಿಸುವ ಸಾಲ್ಬುಟಮಾಲ್ ಆದರೆ ಸಾಮಾನ್ಯವಾಗಿ ಒಂದು ಪಫ್‌ಗೆ, ಅಂದರೆ ಒಂದು ಸಲ ಒತ್ತಿದರೆ, 100 ಮೈಕ್ರೋಗ್ರಾಂ. ಬರುವ ರಭಸ ಜೋರು, ಹನಿಗಳೂ ದಪ್ಪ. ನಮ್ಮ ಗಂಟಲಾದರೋ ಬಾಯಿಯ ಹಿಂದೆ ಥಟ್ಟನೆ ಕೆಳಕ್ಕೆ ಬಾಗಿದೆ. ಆಗುಂಬೆ ಘಾಟಿಯ ತಿರುವಿಗೆ ಬ್ರೇಕ್ ಹಾಕದೆ ನುಗ್ಗಿದ ಲಾರಿಯ ಗತಿಯೇ ಆ ಹನಿಗಳದ್ದು. ತಿರುಗಲಾರದೆ ನೇರ ಹೋಗಿ ಬಡಿಯುತ್ತವೆ. ಶ್ವಾಸಕೋಶದ ಸಣ್ಣ ಕೊಳವೆಗಳವರೆಗೆ ಇಳಿಯುವುದು 1ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳು ಮಾತ್ರ. ಹಾಗಾಗಿ ಕ್ರಮ ಸರಿಯಾಗಿದ್ದರೂ ಬರಿಯ ಇನ್‌ಹೇಲರ್‌ನಿಂದ ಎದೆ ಸೇರುವುದು ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟು. ಕ್ರಮ ತಪ್ಪಿದರೆ ಅದೂ ಇಲ್ಲ.

ಈ ತೊಡಕು ಇನ್‌ಹೇಲರ್‌ನಷ್ಟೇ ಹಳೆಯದು. 1950ರ ದಶಕದ ಅಮೆರಿಕದಲ್ಲಿ ಉಬ್ಬಸದವರು ರಬ್ಬರ್ ಬುರುಡೆ ಹಿಸುಕುವ ಗಾಜಿನ ನೆಬ್ಯುಲೈಸರ್, ಅಂದರೆ ದ್ರವ ಔಷಧಿಯನ್ನು ಮಂಜು ಮಾಡುವ ಸಾಧನ, ಬಳಸುತ್ತಿದ್ದರು. ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳಿಗೂ ಉಬ್ಬಸವಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯಲ್ಲಿ ಬರುವಾಗ ನನ್ನ ಔಷಧಿ ಯಾಕೆ ಬರಬಾರದು ಎಂದು ಅವಳು ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಅಳತೆಯ ಇನ್‌ಹೇಲರ್ ಮಾರುಕಟ್ಟೆಗೆ ಬಂತು. ಜೇಬಿಗೆ ಹಿಡಿಸುವ ಡಬ್ಬಿ ಸಿಕ್ಕಿತು. ಕೈಗೂ ಉಸಿರಿಗೂ ತಾಳ ಕೂಡಿಸುವ ಕೆಲಸ ಮಾತ್ರ ರೋಗಿಯ ತಲೆಗೆ ಬಂತು. ಏದುಸಿರು ಬಿಡುತ್ತಿರುವವರಿಗೆ, ಬೆರಳಲ್ಲಿ ಬಲವಿಲ್ಲದ ಅಜ್ಜಿಗೆ, ಮೂರು ವರ್ಷದ ಮಗುವಿಗೆ ಆ ತಾಳ ಎಲ್ಲಿಂದ ಬರಬೇಕು?

ಸ್ಪೇಸರ್ ಇದ್ದರೆ ಔಷಧಿ ಮೊದಲು ಆ ಕೊಳವೆಯೊಳಗೆ ಬಂದು ನಿಲ್ಲುತ್ತದೆ. ರಭಸ ಇಳಿಯುತ್ತದೆ, ಅನಿಲ ಆವಿಯಾಗಿ ಹನಿಗಳು ಸಣ್ಣದಾಗುತ್ತವೆ, ದಪ್ಪ ಹನಿಗಳು ಗಂಟಲಿಗೆ ಬಡಿಯುವ ಬದಲು ಕೊಳವೆಯ ಗೋಡೆಗೆ ಅಂಟುತ್ತವೆ. ಉಳಿದ ನವಿರಾದ ಮಂಜನ್ನು ನೀವು ನಿಮ್ಮ ಪಾಡಿಗೆ ಎಳೆದುಕೊಳ್ಳಬಹುದು. ಅಂಗೈ ಉದ್ದದ, 150 ಮಿಲಿಲೀಟರ್ ಆಸುಪಾಸಿನ ಸ್ಪೇಸರ್‌ಗಳಿವೆ; 750 ಮಿಲಿಲೀಟರ್‌ನ ದೊಡ್ಡವೂ ಇವೆ. ಚೀಲದಲ್ಲಿ ಇಟ್ಟುಕೊಂಡು ಹೋಗುವಷ್ಟು ಚಿಕ್ಕದನ್ನೇ ಆರಿಸಿ ಎನ್ನುವವನು ನಾನು. ದೊಡ್ಡದು ಮನೆಯ ಅಟ್ಟ ಸೇರಿದರೆ ಇದ್ದೂ ಇಲ್ಲದ ಹಾಗೆ.

ಈಗ ಕ್ರಮ. ಕುಳಿತುಕೊಳ್ಳಿ ಅಥವಾ ನೆಟ್ಟಗೆ ನಿಲ್ಲಿ. ಇನ್‌ಹೇಲರ್‌ನ ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡಿಸಿ, ಸ್ಪೇಸರ್‌ನ ಹಿಂಬದಿಗೆ ಸಿಕ್ಕಿಸಿ. ಡಬ್ಬಿಯ ತಳ ಮೇಲಕ್ಕಿರಲಿ. ಉಸಿರನ್ನು ಹೊರಗೆ ಬಿಡಿ, ಸ್ಪೇಸರ್‌ನೊಳಕ್ಕೆ ಊದಬೇಡಿ. ಬಾಯಿಗಿಟ್ಟು ತುಟಿ ಬಿಗಿ ಮಾಡಿ. ಒಂದೇ ಒಂದು ಸಲ ಒತ್ತಿ. ಒತ್ತಿದ ಕೂಡಲೇ ನಿಧಾನವಾಗಿ, ಮೂರರಿಂದ ಐದು ಸೆಕೆಂಡ್ ಹಿಡಿಯುವ ಹಾಗೆ ಉಸಿರನ್ನು ಆಳವಾಗಿ ಎಳೆದು, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಹಿಡಿದಿಡಿ. ಹಿಡಿಯಲಾಗದಷ್ಟು ಉಬ್ಬಸ ಇದ್ದರೆ, ಕವಾಟ ಇರುವ ಸ್ಪೇಸರ್ ಆದರೆ ಬಾಯಿಂದ ತೆಗೆಯದೆ ಸಹಜವಾಗಿ ಐದಾರು ಉಸಿರು ಎಳೆದು ಬಿಟ್ಟರೂ ಸಾಕು. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ, ಮತ್ತೆ ಮೊದಲಿನಿಂದ.

ಎರಡು ಪಫ್ ಒಟ್ಟಿಗೇ ಒತ್ತಿ ಒಂದೇ ಉಸಿರಿಗೆ ಎಳೆದರೆ ಕೆಲಸ ಬೇಗ ಮುಗಿಯಿತು ಎಂದು ಬಹಳ ಜನ ಭಾವಿಸಿದ್ದಾರೆ. ಹಾಗೆ ಮಾಡಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಗೋಡೆಗೆ ಹೋಗಿ ಕೂರುತ್ತವೆ. ಒತ್ತಿಟ್ಟು ಫೋನ್ ನೋಡುತ್ತಾ ತಡ ಮಾಡಿದರೂ ಅಷ್ಟೇ, ಮಂಜು ತಳಕ್ಕೆ ಕೂತಿರುತ್ತದೆ. ಕೆಲವು ಸ್ಪೇಸರ್‌ಗಳು ಉಸಿರನ್ನು ತೀರಾ ವೇಗವಾಗಿ ಎಳೆದರೆ ಸಿಳ್ಳೆ ಹಾಕುತ್ತವೆ. ಸಿಳ್ಳೆ ಬಂತು, ಚೆನ್ನಾಗಿ ಒಳಗೆ ಹೋಯಿತು ಎಂದು ಖುಷಿಪಡುವವರಿದ್ದಾರೆ! ಅದು ನಿಧಾನ ಮಾಡಿ ಎನ್ನುವ ಸೂಚನೆ.

ಚಿಕ್ಕ ಮಕ್ಕಳ ವಿಷಯ ಬೇರೆ. ಮೂರು ವರ್ಷದವರೆಗೆ ಸ್ಪೇಸರ್‌ಗೆ ಮಾಸ್ಕ್ ಬೇಕು. ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಅಂಟಿ ಕೂರಬೇಕು. ಒಂದು ಬದಿ ಚೂರು ಎತ್ತಿಕೊಂಡಿದ್ದರೂ ಮಗು ಎಳೆಯುವುದು ಹೊರಗಿನ ಗಾಳಿಯನ್ನೇ. ಪಾರದರ್ಶಕ ಸ್ಪೇಸರ್‌ನಲ್ಲಿ ಪುಟ್ಟ ಕವಾಟ ಪಟಪಟ ಆಡುವುದು ಕಾಣುತ್ತದೆ, ಅದನ್ನು ನೋಡಿ ಐದಾರು ಉಸಿರು ಎಣಿಸಿ. ಅಳುವಾಗ ಉಸಿರು ಜೋರಾಗಿ ಒಳಗೆ ಹೋಗುತ್ತದಲ್ಲ, ಔಷಧಿಯೂ ಚೆನ್ನಾಗಿ ಹೋಗುತ್ತದೆ ಎಂದು ಕೆಲವು ಅಜ್ಜಿಯರು ವಾದಿಸುತ್ತಾರೆ. ಹಾಗಲ್ಲ, ಅಳುವ ಮಗುವಿನ ಎದೆಗೆ ತಲುಪುವುದು ಬಹಳ ಕಡಿಮೆ. ಉಬ್ಬಸ ಇಲ್ಲದ ದಿನ ಮಾಸ್ಕನ್ನು ಆಟಕ್ಕೆ ಕೊಡಿ, ಗೊಂಬೆಗೆ ಹಾಕಲಿ, ಅಪ್ಪನ ಮೂಗಿಗೂ ಹಾಕಲಿ. ನಾಲ್ಕು ವರ್ಷ ದಾಟಿದ ಮೇಲೆ ಬಾಯಲ್ಲಿ ಕಚ್ಚಿ ಹಿಡಿಯಲು ಬಂದರೆ ಮಾಸ್ಕ್ ಬಿಡಿಸಿ.

ಸ್ಪೇಸರ್ ಮಕ್ಕಳ ಸಾಮಾನು ಎಂದು ದೊಡ್ಡವರು ತಳ್ಳಿಹಾಕುತ್ತಾರೆ. ಅದರಲ್ಲೂ ಉಸಿರುನಾಳದ ಊತ ಇಳಿಸುವ ಸ್ಟೀರಾಯ್ಡ್ ಇರುವ ಇನ್‌ಹೇಲರ್, ಅಂದರೆ ದಿನವೂ ತೆಗೆದುಕೊಳ್ಳುವ ಬ್ಯುಡೆಸೊನೈಡ್, ಬೆಕ್ಲೊಮೆಥಾಸೋನ್ ಮುಂತಾದವನ್ನು ಸ್ಪೇಸರ್ ಇಲ್ಲದೆ ತೆಗೆದುಕೊಂಡರೆ ಗಂಟಲಲ್ಲಿ ಕೂತ ಔಷಧಿಯಿಂದ ದನಿ ಒಡೆಯಬಹುದು, ನಾಲಗೆಯ ಮೇಲೆ ಬೂಸು ಹಿಡಿದ ಹಾಗೆ ಬಿಳಿ ಮಚ್ಚೆ ಏಳಬಹುದು. ಪಾಠ ಮಾಡುವ ಮೇಷ್ಟ್ರು, ಬಸ್ಸಿನ ಕಂಡಕ್ಟರ್, ಹಾಡುವವರು ಈ ಕಾರಣಕ್ಕೇ ಔಷಧಿ ಬಿಟ್ಟು, ತಿಂಗಳೊಳಗೆ ಮತ್ತೆ ಏದುಸಿರಿನೊಂದಿಗೆ ಬರುತ್ತಾರೆ. ಸ್ಪೇಸರ್ ಬಳಸಿ, ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ನುಂಗಬೇಡಿ. ಈ ದಿನನಿತ್ಯದ ಔಷಧಿಯೇ ಉಬ್ಬಸದ ಮೂಲಕ್ಕೆ ಹೋಗುವುದು. ಸಾಲ್ಬುಟಮಾಲ್ ಒಂದನ್ನೇ ನಂಬಿ ಕಾಲ ಹಾಕಬೇಡಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಗಿನಾ 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ಹೇಳುತ್ತಿದೆ.

ಒಂದು ಎಚ್ಚರ. ಕ್ಯಾಪ್ಸೂಲ್ ಹಾಕಿ ತಿರುಗಿಸಿ ಎಳೆಯುವ ರೋಟಾಹೇಲರ್‌ನಂಥ ಪುಡಿ ಇನ್‌ಹೇಲರ್‌ಗಳಿಗೆ ಸ್ಪೇಸರ್ ಹೊಂದುವುದಿಲ್ಲ. ಅವನ್ನು ಎಳೆಯುವ ರೀತಿಯೂ ತಿರುವುಮುರುವು: ಅಲ್ಲಿ ಜೋರಾಗಿ, ರಭಸದಿಂದ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ.

ತೊಳೆಯುವ ವಿಷಯಕ್ಕೆ ಬರೋಣ, ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ. ಹೊಸ ಪ್ಲಾಸ್ಟಿಕ್ ಸ್ಪೇಸರ್‌ನ ಗೋಡೆಯಲ್ಲಿ ಸ್ಥಿರ ವಿದ್ಯುತ್ ಇರುತ್ತದೆ, ಅದು ಔಷಧಿಯ ಕಣಗಳನ್ನು ಸೆಳೆದು ಹಿಡಿದುಕೊಳ್ಳುತ್ತದೆ. ಹಾಗಾಗಿ ಬಳಸುವ ಮೊದಲೇ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಬಿಡಿಭಾಗ ಬಿಚ್ಚಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ನಾಲ್ಕು ಹನಿ ಹಾಕಿ ಅದ್ದಿ ತೆಗೆಯಿರಿ. ಬಟ್ಟೆಯಲ್ಲಿ ಒರೆಸಬೇಡಿ, ಒರೆಸಿದರೆ ಆ ವಿದ್ಯುತ್ ಮತ್ತೆ ಹುಟ್ಟುತ್ತದೆ. ನೀರು ಸೋರುವಂತೆ ನಿಲ್ಲಿಸಿ, ತಾನಾಗಿ ಒಣಗಲಿ. ಗಟ್ಟಿ ಬ್ರಷ್, ಕುದಿಯುವ ನೀರು ಎರಡೂ ಬೇಡ. ಬಿರುಕು ಬಿಟ್ಟರೆ, ಕವಾಟ ಮುದುಡಿದರೆ ಹೊಸದು ತನ್ನಿ. ಬಣ್ಣ ಮಾಸಿದ್ದಕ್ಕೆ ಎಸೆಯಬೇಕಿಲ್ಲ.

ಸ್ಪೇಸರ್ ಕೊಳ್ಳಲಾಗದ ಕಡೆ ಏನು ಮಾಡುವುದು? ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮೆಚ್ಚುಗೆ. 500 ಮಿಲಿಲೀಟರ್‌ನ ತಂಪುಪಾನೀಯದ ಬಾಟಲಿ ತೆಗೆದುಕೊಂಡು, ಇನ್‌ಹೇಲರ್ ಬಾಯಿಯ ಆಕಾರಕ್ಕೆ ಬಗ್ಗಿಸಿದ ತಂತಿಯನ್ನು ಕಾಯಿಸಿ ಬಾಟಲಿಯ ತಳಕ್ಕೆ ಒತ್ತಿ ತೂತು ಮಾಡಿದರು. ಸುತ್ತ ಅಂಟು ಹಾಕಿ ಬಿಗಿ ಮಾಡಿದರು. ಮಗು ಬಾಟಲಿಯ ಕತ್ತಿನಿಂದ ಉಸಿರೆಳೆಯಬೇಕು. ಅಂಗಡಿಯ ಸ್ಪೇಸರ್‌ನಷ್ಟೇ ಫಲ ಆ ಬಾಟಲಿಯಲ್ಲೂ ಸಿಕ್ಕಿತು. ಅವರು ಹೋಲಿಸಿ ನೋಡಿದ ತೆರೆದ ಪಾಲಿಸ್ಟೈರೀನ್ (ಥರ್ಮೊಕೋಲ್) ಲೋಟ ಮಾತ್ರ ಹಿಂದೆ ಬಿತ್ತು. ನಮ್ಮ ಪೇಟೆಯಲ್ಲಿ ಸ್ಪೇಸರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹಾಗಾಗಿ ಬಾಟಲಿ ತುರ್ತಿಗೆ ಮಾತ್ರ. ಸಾಧಾರಣ ತೀವ್ರತೆಯ ಉಬ್ಬಸದಲ್ಲಿ ಸ್ಪೇಸರ್ ಮೂಲಕ ಕೊಟ್ಟ ಪಫ್‌ಗಳು ನೆಬ್ಯುಲೈಸರ್‌ಗೆ ಸಮ ಎಂದೂ ಹಲವು ಅಧ್ಯಯನಗಳು ತೋರಿಸಿವೆ. ಆದರೂ ಜನರಿಗೆ ಸದ್ದು ಮಾಡುವ ಯಂತ್ರದ ಮೇಲೇ ಭರವಸೆ. ಕರೆಂಟ್ ಹೋದ ರಾತ್ರಿ ಆ ಯಂತ್ರಕ್ಕೆ ಸದ್ದೂ ಇಲ್ಲ.

ಇನ್ನು ಚಟದ ಭಯ. ‘ಪಂಪ್ ಹಿಡಿದರೆ ಬಿಡಲಾಗಲ್ಲ, ಅದಕ್ಕೇ ಮಾತ್ರೆ ಕೊಡಿ’ ಎನ್ನುತ್ತಾರೆ. ಲೆಕ್ಕ ನೋಡಿ: ಒಂದು ಪಫ್ 100 ಮೈಕ್ರೋಗ್ರಾಂ, 4 ಮಿಲಿಗ್ರಾಂನ ಒಂದು ಸಾಲ್ಬುಟಮಾಲ್ ಮಾತ್ರೆ ಅಂದರೆ ನಲವತ್ತು ಪಫ್. ಕೈ ನಡುಕ, ಎದೆ ಡವಡವ ಎಲ್ಲ ಮಾತ್ರೆಯಲ್ಲೇ ಹೆಚ್ಚು. ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಉಬ್ಬಸಕ್ಕೆಂದು ಬದುಕಿದ ಮರಿಮೀನು ನುಂಗಿಸುವ ಹೈದರಾಬಾದಿನ ಮೀನಿನ ಔಷಧಿಗೆ ಹೊರಡುವವರು ನಮ್ಮ ಕಡೆಯೂ ಇದ್ದಾರೆ. ಹೋಗುವವರೊಂದಿಗೆ ನಾನು ಜಗಳ ಮಾಡುವುದಿಲ್ಲ. ಇನ್‌ಹೇಲರ್ ಮತ್ತು ಸ್ಪೇಸರ್ ಚೀಲದಲ್ಲಿರಲಿ, ಒಂದು ದಿನವೂ ನಿಲ್ಲಿಸಬೇಡಿ ಎಂದಷ್ಟೇ ಹೇಳುತ್ತೇನೆ. ಅಂಥ ನೂಕುನುಗ್ಗಲಿನಲ್ಲೇ ಉಬ್ಬಸ ಕೆರಳಬಹುದಲ್ಲ.

ಕೆರಳಿದರೆ ಮಾಡಬೇಕಾದದ್ದು ಇದು, ಆಸ್ಟ್ರೇಲಿಯಾದಲ್ಲಿ ಜನಸಾಮಾನ್ಯರಿಗೆ ಕಲಿಸುವ ಪ್ರಥಮ ಚಿಕಿತ್ಸೆಯ ಮಾದರಿಯದ್ದು, ನೆನಪಿಗೂ ಸುಲಭ. ರೋಗಿಯನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸ್ಪೇಸರ್ ಮೂಲಕ ಸಾಲ್ಬುಟಮಾಲ್ ಒಂದು ಪಫ್, ನಾಲ್ಕು ಉಸಿರು. ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ಕಾಯಿರಿ. ತಗ್ಗದಿದ್ದರೆ 108ಕ್ಕೆ ಕರೆ ಮಾಡಿ, ಮತ್ತೆ ನಾಲ್ಕು ಪಫ್ ಕೊಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ಅಥವಾ ಅಷ್ಟು ಹೊತ್ತೂ ಕೇಳುತ್ತಿದ್ದ ಸುಂಯ್ ಸದ್ದು ಏಕಾಏಕಿ ನಿಂತು ರೋಗಿ ಮಂಕಾದರೆ ಆ ನಾಲ್ಕು ನಿಮಿಷವನ್ನೂ ಕಾಯಬೇಡಿ, ಮೊದಲೇ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೂ ಪ್ರತಿ ನಾಲ್ಕು ನಿಮಿಷಕ್ಕೆ ನಾಲ್ಕು ಪಫ್‌ನಂತೆ ಕೊಡುತ್ತಲೇ ಇರಿ.

ನಮಸ್ಕಾರ.