ರಕ್ತ ಮರಳಿ ಹರಿದ ಮೇಲೆ

ಆತ್ಮೀಯ ಕೇಳುಗರೇ, ನಮಸ್ಕಾರ.

ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ದುಡಿಯುವ ಒಬ್ಬರ ಕಾಲಿನ ಅಪಧಮನಿಯಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡಿತೆಂದು ಭಾವಿಸೋಣ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾರದಷ್ಟು ನೋಯುತ್ತದೆ; ಸ್ವಲ್ಪ ಹೊತ್ತಿನಲ್ಲಿ ಜೋಮು ಹಿಡಿಯುತ್ತದೆ. ತುದಿಯಲ್ಲಿ ಪುಟ್ಟ ಬಲೂನಿರುವ ನಳಿಕೆಯನ್ನು ರಕ್ತನಾಳದೊಳಗೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವನ್ನು ಅಮೆರಿಕದ ಥಾಮಸ್ ಫೋಗರ್ಟಿಯವರು 1960ರ ದಶಕದಲ್ಲಿ ರೂಪಿಸಿದರು. ಹಾಗೆ ಹೆಪ್ಪು ತೆಗೆದಾಗ ಪಾದ ಬೆಚ್ಚಗಾಗುತ್ತದೆ, ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ವೈದ್ಯರ ಆತಂಕ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ.

ರಕ್ತವಿಲ್ಲದೆ ಬಳಲಿದ ಅಂಗಾಂಶಕ್ಕೆ ಆಮ್ಲಜನಕ ಒಮ್ಮೆಲೇ ನುಗ್ಗಿದಾಗ ತೀಕ್ಷ್ಣವಾದ ಆಕ್ಸಿಡೀಕಾರಕ ಕಣಗಳು ಹುಟ್ಟಿಕೊಳ್ಳುತ್ತವೆ. ಆಗ ರಕ್ತನಾಳದ ಒಳಪದರದ ಜೀವಕೋಶಗಳು ತಮ್ಮೊಳಗೆ ಕೂಡಿಟ್ಟಿದ್ದ ಪಿ-ಸೆಲೆಕ್ಟಿನ್ ಎಂಬ ಪ್ರೋಟೀನನ್ನು ಕೆಲವೇ ನಿಮಿಷಗಳಲ್ಲಿ ಮೇಲ್ಮೈಗೆ ತರುತ್ತವೆ. ರಭಸದಿಂದ ಸಾಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅದಕ್ಕೆ ತಗುಲಿ, ವೇಗ ಕಳೆದುಕೊಂಡು ಗೋಡೆಯ ಮೇಲೆ ಉರುಳತೊಡಗುತ್ತದೆ. ಬಳಿಕ ತನ್ನ ಮೈಮೇಲಿನ ಇಂಟೆಗ್ರಿನ್‌ ಎಂಬ ಅಂಟುವ ಪ್ರೋಟೀನುಗಳಿಂದ ಗೋಡೆಯನ್ನು ಭದ್ರವಾಗಿ ಹಿಡಿದು, ಕೋಶಗಳ ಸಂದಿನಲ್ಲಿ ನುಸುಳಿ ಹೊರಬರುತ್ತದೆ. ಸೋಂಕು ತಗುಲಿದಾಗ ನಮ್ಮನ್ನು ಕಾಯುವುದೂ ಇದೇ ಹಿಡಿತ. ಸೋಂಕೇ ಇಲ್ಲದ ಕಾಲಿನಲ್ಲಿ ನ್ಯೂಟ್ರೋಫಿಲ್ ಸುರಿಸುವ ಕಿಣ್ವಗಳು ನಮ್ಮದೇ ರಕ್ತನಾಳಗಳನ್ನು ಘಾಸಿಗೊಳಿಸುತ್ತವೆ. ನೀರಿನಂಶ ಸೋರಿ ಸ್ನಾಯು ಊದಿಕೊಳ್ಳುತ್ತದೆ. ಲೋಮನಾಳಗಳೆಂಬ ಅತಿ ಸಣ್ಣ ರಕ್ತನಾಳಗಳಲ್ಲಿ ಕೆಲವು ಈ ಬಿಳಿ ರಕ್ತಕಣಗಳಿಂದಲೇ ಕಟ್ಟಿಕೊಳ್ಳುವುದರಿಂದ, ದೊಡ್ಡ ನಾಳ ತೆರೆದಿದ್ದರೂ ರಕ್ತ ಕೊನೆಯವರೆಗೆ ತಲುಪದಿರಬಹುದು.

ಮೀನಖಂಡದ ಸ್ನಾಯುಗಳನ್ನು ಸುತ್ತಿರುವ ಪೊರೆ ಹಿಗ್ಗುವುದಿಲ್ಲ. ಊತ ಹೆಚ್ಚಿದಂತೆ ಒಳಗಿನ ಒತ್ತಡ ಏರಿ, ಮೀನಖಂಡ ಬಿಗಿಯಾಗಿ ತುಂಬಿದ ಕಾಫಿ ಚೀಲದಂತೆ ಗಟ್ಟಿಯಾಗುತ್ತದೆ. ಬೆರಳನ್ನು ಬೇರೆಯವರು ಮೆಲ್ಲನೆ ಮಡಚಿದರೂ ರೋಗಿ ಚೀರುತ್ತಾರೆ. ಪಾದದ ನಾಡಿ ಸಿಗುತ್ತಿದೆಯೆಂದು ಆಗ ಸುಮ್ಮನಿರುವಂತಿಲ್ಲ, ಏಕೆಂದರೆ ನಾಡಿ ಇದ್ದಾಗಲೂ ಸ್ನಾಯು ಸಾಯುತ್ತಿರಬಹುದು. ಆ ಪೊರೆಯನ್ನು ಉದ್ದಕ್ಕೆ ಸೀಳಿ, ಗಾಯವನ್ನು ಕೆಲವು ದಿನ ಹೊಲಿಯದೆ ಬಿಡುವುದನ್ನು ಕಂಡು ಮನೆಯವರು ಗಾಬರಿಯಾಗುವುದು ಸಹಜ; ಕಾಲನ್ನು ಉಳಿಸುವುದು ಅದೇ ಸೀಳು.

ಬಿಳಿ ರಕ್ತಕಣ ನಾಳದ ಗೋಡೆಗೆ ಅಂಟುವುದನ್ನೇ ಔಷಧದಿಂದ ತಡೆಯಬಾರದೇ? ಪ್ರಾಣಿಗಳಲ್ಲಿ ಹಾಗೆ ತಡೆದಾಗ ಹಾನಿ ಕಡಿಮೆಯಾಯಿತು. ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಆ ಭರವಸೆಯನ್ನು ಉಳಿಸಿಕೊಳ್ಳಲಿಲ್ಲ. ಹುಟ್ಟಿನಿಂದಲೇ ಈ ಹಿಡಿತವಿಲ್ಲದ ಅಪರೂಪದ ಮಕ್ಕಳು ಪದೇಪದೇ ತೀವ್ರ ಸೋಂಕಿಗೆ ತುತ್ತಾಗುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ.

ಹಾಗಾಗಿ ಇಂದಿಗೂ ನಮ್ಮ ಕೈಯಲ್ಲಿರುವುದು ಹೊತ್ತು ಒಂದೇ. ರಕ್ತ ಪೂರ್ತಿ ನಿಂತು ಸುಮಾರು 6 ಗಂಟೆ ಕಳೆದರೆ ಸ್ನಾಯುವಿಗೆ ಸರಿಪಡಿಸಲಾಗದ ಹಾನಿಯಾಗಬಹುದು. ತಡವಾದಷ್ಟೂ ರಕ್ತ ಮರಳಿದಾಗಿನ ಪೆಟ್ಟೂ ಜೋರು. ಹೃದಯ ಬಡಿತದಲ್ಲಿ ಏರುಪೇರು ಇರುವವರು, ಬೀಡಿ ಸೇದುವವರು ಇದನ್ನು ಗಮನಿಸಬೇಕು. ಕಾಲು ಹಠಾತ್ತನೆ ತಣ್ಣಗಾದರೆ ಎಣ್ಣೆ ತಿಕ್ಕುತ್ತಾ ಬೆಳಗಾಗಲೆಂದು ಕಾಯಬೇಡಿ. ಬಿಸಿನೀರಿನ ಶಾಖವನ್ನೂ ಕೊಡಬೇಡಿ, ಜೋಮು ಹಿಡಿದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಆಪರೇಷನ್ ಆದ ರಾತ್ರಿ ಮೀನಖಂಡದ ನೋವು ಏರುತ್ತಾ ಹೋದರೆ, ಸರಿಹೊತ್ತಾದರೂ ಸಂಕೋಚಪಡದೆ ದಾದಿಯರನ್ನು ಕರೆಯಿರಿ.

ನಮಸ್ಕಾರ.