ಮನೆಮಂದಿಗೆ ಕೊಟ್ಟ ಹಾಡು ಕಳವಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ದಾಸರ ಪದಗಳ ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಬೇಕೆಂದರೆ, ಟೇಪ್‌ರೆಕಾರ್ಡರಿಗೆ ವೈರು ಸಿಕ್ಕಿಸಿ, 60 ನಿಮಿಷದ ಹಾಡಿಗೆ 60 ನಿಮಿಷವೂ ಕಾದು, ನಡುವೆ ಎದ್ದು ಸೈಡ್ ಬದಲಿಸಿ, ಟೇಪು ಸುತ್ತಿಕೊಳ್ಳದಂತೆ ನೋಡಿಕೊಳ್ಳಬೇಕಾಗುತ್ತದೆ. ದುಡ್ಡು ಕೊಟ್ಟು ಕೊಂಡ ಹಾಡನ್ನು ಹೀಗೆ ಉಳಿಸಿಕೊಳ್ಳುವವರು ತಪ್ಪಿತಸ್ಥರಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52, ಖಾಸಗಿ ಅಥವಾ ವೈಯಕ್ತಿಕ ಉದ್ದೇಶದ ನ್ಯಾಯೋಚಿತ ಬಳಕೆಯನ್ನು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. 2012ರ ತಿದ್ದುಪಡಿಯು ಈ ವಿನಾಯಿತಿಯನ್ನು ಧ್ವನಿಮುದ್ರಿಕೆಗಳಿಗೂ ವಿಸ್ತರಿಸಿತಲ್ಲದೆ, ಅಂಥ ಬಳಕೆಗಾಗಿ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸಂಗ್ರಹಿಸಿಡುವುದನ್ನೂ ಒಪ್ಪಿತು. ಪುರಂದರದಾಸರ ಪದಕ್ಕೆ ಇಂದು ಯಾರ ಸ್ವಾಮ್ಯವೂ ಇಲ್ಲ ನಿಜ. ಆದರೆ ಅದನ್ನು ಹಾಡಿಸಿ 1990ರಲ್ಲಿ ಹೊರತಂದ ಧ್ವನಿಮುದ್ರಿಕೆಯ ಸ್ವಾಮ್ಯ 2050ರ ಕೊನೆಯವರೆಗೂ ಉಳಿಯುತ್ತದೆ. ಆದ್ದರಿಂದಲೇ ಈ ವಿನಾಯಿತಿ ಮುಖ್ಯವಾಗುತ್ತದೆ.

ತೊಡಕು ಹುಟ್ಟುವುದು ಹಂಚಿಕೊಳ್ಳುವಾಗ. ಅದೇ ಫೈಲನ್ನು ಅಮ್ಮನ ಫೋನಿಗೆ ಹಾಕಿಕೊಟ್ಟರೆ, ಪರದೇಶದಲ್ಲಿರುವ ತಂಗಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಅದು ಖಾಸಗಿಯೇ? ಕಾಯ್ದೆ ಇದನ್ನು ಬಿಡಿಸಿ ಹೇಳುವುದಿಲ್ಲ. ಗೊತ್ತಿದ್ದೂ ಸ್ವಾಮ್ಯ ಉಲ್ಲಂಘಿಸಿದವರಿಗೆ ಸೆಕ್ಷನ್ 63ರ ಪ್ರಕಾರ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸವಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದರೆ ನ್ಯಾಯಾಲಯ ಶಿಕ್ಷೆಯನ್ನು ಇಳಿಸಬಹುದು. ಇಳಿಸಬಹುದು ಎಂಬ ಭರವಸೆಯ ಮೇಲೆ ಮನೆಮಂದಿ ಹಾಡು ಕೇಳುವಂತಾಗಬಾರದು.

ಸಾವಿರಾರು ಮಂದಿಯಿರುವ ಟೆಲಿಗ್ರಾಂ ಗುಂಪಿಗೆ ಹೊಸ ಚಿತ್ರದ ಹಾಡುಗಳನ್ನೆಲ್ಲ ಸುರಿಯುವುದು ಮಾತ್ರ ಬೇರೆಯದೇ ವಿಷಯ, ಅದನ್ನು ನಾನು ಸಮರ್ಥಿಸುವುದಿಲ್ಲ. ನಮಗೆ ಪ್ರತಿ ಇಟ್ಟುಕೊಳ್ಳಲು ಅವಕಾಶ ಕೊಟ್ಟ ಆ 2012ರ ತಿದ್ದುಪಡಿಯೇ ಚಿತ್ರಗೀತೆಗಳ ಕವಿಗೂ ಸಂಗೀತ ನಿರ್ದೇಶಕರಿಗೂ, ಚಿತ್ರಮಂದಿರದಾಚೆಗಿನ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಕೊಟ್ಟಿದೆ. ಅವರ ಪಾಲಿಗೆ ಕೈಹಾಕಿ ಸಂಗೀತಪ್ರೇಮದ ಮಾತಾಡುವುದು ಸಲ್ಲದು.

ಬ್ರಿಟನ್ನಿನಲ್ಲಿ ಸ್ವಂತ ಬಳಕೆಯ ಪ್ರತಿಗೆ 2014ರ ಅಕ್ಟೋಬರಿನಲ್ಲಿ ಸಿಕ್ಕ ಅನುಮತಿಯನ್ನು 2015ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಸ್ವಾಮ್ಯದಾರರಿಗೆ ಹೇಳಿಕೊಳ್ಳುವಂಥ ನಷ್ಟವಾಗದೆಂಬ ಸರ್ಕಾರದ ವಾದಕ್ಕೆ ಸಾಕಷ್ಟು ಆಧಾರವಿರಲಿಲ್ಲ. ಜರ್ಮನಿ 1965ರಲ್ಲೇ ಧ್ವನಿಮುದ್ರಣ ಯಂತ್ರಗಳ ಮೇಲೆ ಶುಲ್ಕ ವಿಧಿಸಿ, ಆ ಹಣ ಕಲಾವಿದರಿಗೆ ತಲುಪುವ ದಾರಿ ಮಾಡಿತು. ನಮಗೆ ಶುಲ್ಕ ಬೇಕೋ ಬೇಡವೋ ಆಮೇಲೆ ಚರ್ಚಿಸೋಣ. ಸಕ್ರಮವಾಗಿ ಕೊಂಡ ಹಾಡಿನ ಪ್ರತಿಯನ್ನು ಹಣ ಪಡೆಯದೆ ಕುಟುಂಬದವರಿಗೆ ಕೊಡುವುದು ಉಲ್ಲಂಘನೆಯಲ್ಲ ಎಂಬ ಒಂದು ವಾಕ್ಯವನ್ನು ಸಂಸತ್ತು ಮೊದಲು ಸೆಕ್ಷನ್ 52ಕ್ಕೆ ಸೇರಿಸಲಿ.