ಹತ್ತು ಲಕ್ಷ ನಾಣ್ಯಗಳ ಆಟ

ಎಲ್ಲರಿಗೂ ನಮಸ್ಕಾರ. 2012ರಲ್ಲಿ ನಿಂಟೆಂಡೊ 3ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆಂದು ಬಂದ ‘ನ್ಯೂ ಸೂಪರ್ ಮಾರಿಯೊ ಬ್ರದರ್ಸ್ 2’ ಆಟದ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಆ ಆಟದಲ್ಲಿ ನನಗಾದ ನಿರಾಶೆ ಇಷ್ಟು ವರ್ಷಗಳಾದರೂ ಹೋಗಿಲ್ಲ. ಅದಕ್ಕೆ ಕಾರಣ ಒಂದೇ ಒಂದು ವಸ್ತು, ಆಟದ ನಾಯಕ ಮಾರಿಯೊ ಹೆಕ್ಕುವ ನಾಣ್ಯ.

ಆ ನಾಣ್ಯದ ಬೆಲೆ ನನಗೆ ತಿಳಿದದ್ದು ಬೆಳಗಾವಿಯ ಟಿಳಕವಾಡಿಯಲ್ಲಿ, ರೈಲ್ವೆ ಗೇಟಿನ ಹತ್ತಿರವಿದ್ದ ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿ ಎರಡು ಟಿವಿಗಳಿಗೆ ಕ್ಯಾಸೆಟ್ ಹಾಕುವ ವಿಡಿಯೋ ಗೇಮ್ ಜೋಡಿಸಿದ್ದರು. ಒಂದು ರೂಪಾಯಿ ಕೊಟ್ಟರೆ ಹತ್ತು ನಿಮಿಷ ಆಡಬಹುದಿತ್ತು. ಸಮಯ ಮುಗಿದ ಕೂಡಲೇ ಅಂಗಡಿಯ ಮಾಲೀಕರು, “ಏ ತಮ್ಮಾ, ಹತ್ತು ನಿಮಿಷ ಆತು, ಏಳಿನ್ನ” ಎನ್ನುತ್ತಿದ್ದರು. ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಅಷ್ಟು ಹೊತ್ತು ಆಡಿದ್ದೆಲ್ಲ ಅಳಿಸಿಹೋಗುತ್ತಿತ್ತು. 1985ರ ಆ ಮೊದಲ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಆಟ ಶುರುವಾಗುತ್ತಿದ್ದದ್ದು ಮೂರು ಲೈಫ್‌ಗಳಿಂದ, ಅಂದರೆ ಸತ್ತರೂ ಮತ್ತೆ ಆಡಲು ಸಿಗುವ ಅವಕಾಶಗಳಿಂದ, ನೂರು ನಾಣ್ಯ ಕೂಡಿಸಿದರೆ ಇನ್ನೊಂದು ಸಿಗುತ್ತಿತ್ತು. ಮೊದಲ ಲೆವೆಲ್‌ನ ನಾಲ್ಕನೆಯ ಕೊಳವೆಯೊಳಗೆ ಇಳಿದರೆ ನೆಲದಡಿಯ ಕೋಣೆಯಲ್ಲಿ 19 ನಾಣ್ಯಗಳಿರುವುದನ್ನು ಯಾರೋ ದೊಡ್ಡ ಹುಡುಗ ತೋರಿಸಿಕೊಟ್ಟ ದಿನ ನಮಗೆ ನಿಧಿಯೇ ಸಿಕ್ಕಂತಾಗಿತ್ತು. ಜೇಬಿನಲ್ಲಿದ್ದ ಒಂದು ರೂಪಾಯಿಗೂ ತೆರೆಯ ಮೇಲಿನ ಆ ನಾಣ್ಯಗಳಿಗೂ ನಮ್ಮ ಮನಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ, ಏಕೆಂದರೆ ಎರಡೂ ನಮಗೆ ಕೊಡುತ್ತಿದ್ದದ್ದು ಇನ್ನಷ್ಟು ಹೊತ್ತಿನ ಆಟವನ್ನೇ.

ನಾಣ್ಯಕ್ಕೆ ಇನ್ನೊಂದು ಕೆಲಸವೂ ಇತ್ತು, ಅದು ನನಗೆ ಅರ್ಥವಾದದ್ದು ದೊಡ್ಡವನಾದ ಮೇಲೆ. ಇಂಥ ಓಡುತ್ತ ಜಿಗಿಯುತ್ತ ಸಾಗುವ ‘ಪ್ಲಾಟ್‌ಫಾರ್ಮ್’ ಆಟದಲ್ಲಿ ಗುಂಡಿಯೊಂದರ ಮೇಲೆ ಬಿಲ್ಲಿನಂತೆ ಬಾಗಿದ ನಾಲ್ಕು ನಾಣ್ಯಗಳಿದ್ದರೆ, ಎಲ್ಲಿಂದ ಹಾರಬೇಕು, ಎಷ್ಟು ಎತ್ತರಕ್ಕೆ ಹಾರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಒಂದಕ್ಷರವೂ ಇಲ್ಲದೆ ಅವು ಹೇಳಿಬಿಡುತ್ತವೆ. ಯಾವ ದಾರಿಯೂ ಕಾಣದ ಮೂಲೆಯಲ್ಲಿ ಒಂಟಿ ನಾಣ್ಯವೊಂದು ಕಂಡರೆ ಅಲ್ಲೇನೋ ಅಡಗಿದೆ ಎಂದು ಆಡುವವನು ಊಹಿಸುತ್ತಾನೆ. ಓದಲು ಬಾರದ ಮಗುವಿಗೂ ತಿಳಿಯುವ ಭಾಷೆಯದು, ಮತ್ತು ಆ ಭಾಷೆ ನಡೆಯುವುದು ನಾಣ್ಯದ ಸುತ್ತ ಖಾಲಿ ಜಾಗವಿದ್ದಾಗ ಮಾತ್ರ.

2012ರ ಆಟ ಆ ಖಾಲಿ ಜಾಗವನ್ನೆಲ್ಲ ತುಂಬಿಬಿಟ್ಟಿತು. ಬಂಗಾರದ ಹೂವು ಸಿಕ್ಕರೆ ಮಾರಿಯೊ ಎಸೆಯುವ ಬೆಂಕಿಯುಂಡೆಗಳು ಇಟ್ಟಿಗೆಗಳನ್ನೇ ನಾಣ್ಯಗಳನ್ನಾಗಿ ಮಾಡುತ್ತವೆ. ಬಂಗಾರದ ಉಂಗುರದೊಳಗೆ ಹಾದುಹೋದರೆ ಶತ್ರುಗಳೆಲ್ಲ ಹೊಳೆಯತೊಡಗುತ್ತವೆ, ಒದ್ದ ಆಮೆಚಿಪ್ಪು ಹೋದಲ್ಲೆಲ್ಲ ನಾಣ್ಯಗಳ ಸಾಲು ಬಿಟ್ಟು ಹೋಗುತ್ತದೆ. ತಲೆಗೆ ಸಿಕ್ಕಿಕೊಳ್ಳುವ ಬಂಗಾರದ ಪೆಟ್ಟಿಗೆಯೊಂದಿದೆ. ಅದನ್ನು ಹೊತ್ತು ಸುಮ್ಮನೆ ಓಡುತ್ತಿದ್ದರೂ ನಾಣ್ಯ ಉದುರುತ್ತಲೇ ಇರುತ್ತವೆ. ಇಷ್ಟಾದ ಮೇಲೂ ನೂರು ನಾಣ್ಯಕ್ಕೆ ಒಂದು ಲೈಫ್ ಎಂಬ ಹಳೆಯ ನಿಯಮವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಆಟ ನಮ್ಮ ಮುಂದಿಡುವ ದೊಡ್ಡ ಗುರಿ ಹತ್ತು ಲಕ್ಷ ನಾಣ್ಯ. ನೂರಕ್ಕೊಂದರಂತೆ ಅದು 10,000 ಲೈಫ್‌ಗಳಾಯಿತು. ಸಾಯುವ ಭಯವೇ ಇಲ್ಲದಿದ್ದರೆ ಗುಂಡಿಯ ಅಂಚಿನಲ್ಲಿ ನಿಂತವನಿಗೆ ಎದೆ ಹೊಡೆದುಕೊಳ್ಳುವುದಾದರೂ ಏಕೆ? ಹತ್ತು ಲಕ್ಷ ಕೂಡಿಸಿದವರಿಗೆ ಸಿಗುವುದೇನೆಂದರೆ, ಆಟದ ಮೊದಲ ಪರದೆಯ ಚಿತ್ರ ಬದಲಾಗಿ ಬಂಗಾರದ ಮಾರಿಯೊ ಕಾಣಿಸಿಕೊಳ್ಳುತ್ತಾನೆ. ಹೊಸದೊಂದು ಲೋಕವನ್ನೋ, ಮೈ ಬಗ್ಗಿಸಿ ಆಡಬೇಕಾದ ಕಠಿಣವಾದೊಂದು ಲೆವೆಲನ್ನೋ ಕೊಟ್ಟಿದ್ದರೆ ಅಷ್ಟು ದುಡಿಮೆಗೆ ಮರ್ಯಾದೆ ಸಿಗುತ್ತಿತ್ತು.

ಉಳಿದದ್ದೂ ಹಳೆಯದೇ. ಹಿನ್ನೆಲೆ ಸಂಗೀತ, ಅದಕ್ಕೆ ತಕ್ಕಂತೆ ನಿಂತು ಕುಣಿಯುವ ಶತ್ರುಗಳು, ಹುಲ್ಲುಗಾವಲಿನಿಂದ ಮರುಭೂಮಿಗೆ ಸಾಗುವ ದಾರಿ, ಎಲ್ಲವನ್ನೂ ಹಿಂದಿನ ಭಾಗಗಳಲ್ಲಿ ನೋಡಿಯಾಗಿತ್ತು. ಗೋಪುರಗಳಲ್ಲಿ ಎದುರಾಗುವ ರೆಜ್ನರ್ ಎಂಬ ಬಾಸ್, ಅಂದರೆ ಕೊನೆಗೆ ಸೋಲಿಸಬೇಕಾದ ದೊಡ್ಡ ಶತ್ರು, 1990ರ ‘ಸೂಪರ್ ಮಾರಿಯೊ ವರ್ಲ್ಡ್’ನಿಂದ ಬಂದದ್ದು, ಅದನ್ನು ಮತ್ತೆ ಕಂಡಾಗ ಮೊದಲು ಖುಷಿಯೇ ಆಯಿತು, ಗೋಪುರದ ಮೇಲೆ ಗೋಪುರ ಏರಿದಂತೆ ಆ ಖುಷಿ ಉಳಿಯಲಿಲ್ಲ.

ಆಟ ಕೆಟ್ಟದಾಗಿ ತಯಾರಾಗಿದೆ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಓಟ, ಜಿಗಿತ, ಜಾರಿಕೆ ಎಲ್ಲವೂ ಬೆರಳಿನ ಮಾತನ್ನು ತಕ್ಷಣ ಕೇಳುತ್ತವೆ. ಪ್ರತಿ ಲೆವೆಲ್‌ನಲ್ಲಿ ಅಡಗಿಸಿಟ್ಟ ಮೂರು ದೊಡ್ಡ ಸ್ಟಾರ್ ನಾಣ್ಯಗಳನ್ನು ಹುಡುಕುವಾಗ, ಅವು ಮೂರೇ ಇರುವುದರಿಂದ, ಟಿಳಕವಾಡಿಯ ಆ ಅಂಗಡಿಯ ಹುಮ್ಮಸ್ಸು ನನಗೆ ಮರಳಿ ಬರುತ್ತಿತ್ತು. ನನ್ನ ನಿರಾಶೆಯನ್ನು ಹೆಚ್ಚಿಸಿದ್ದೂ ಇದೇ. ಕಡಿಮೆ ಕೊಟ್ಟರೆ ಆಸೆ ಹುಟ್ಟುತ್ತದೆ ಎಂಬುದು ಇದನ್ನು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೆ ಸಾಕ್ಷಿಯಾಗಿ ‘ಕಾಯಿನ್ ರಶ್’ ಎಂಬ ವಿಭಾಗವೇ ಅದೇ ಆಟದೊಳಗಿದೆ. ಅಲ್ಲಿ ಬೆನ್ನುಬೆನ್ನಿಗೆ ಮೂರು ಲೆವೆಲ್, ಕೈಯಲ್ಲಿ ಒಂದೇ ಲೈಫ್, ಓಡುತ್ತಿರುವ ಗಡಿಯಾರ. ಕೊನೆಯ ಧ್ವಜಸ್ತಂಭದ ತುದಿಯನ್ನು ಮುಟ್ಟಿದರೆ ಅಲ್ಲಿಯವರೆಗಿನ ನಾಣ್ಯ ಇಮ್ಮಡಿಯಾಗುತ್ತದೆ. ನಮ್ಮ ಕಾಕಾನ ಮಗ ಹೊರದೇಶದಿಂದ ರಜೆಗೆ ಬಂದಾಗ ಆ ಯಂತ್ರವನ್ನು ಎರಡು ವಾರ ನನ್ನ ಬಳಿ ಬಿಟ್ಟಿದ್ದ. ಮೊದಲ ವಾರ ಮುಖ್ಯ ಆಟವನ್ನು ಆಡಿದೆ. ಎರಡನೆಯ ವಾರ ಅದನ್ನು ಅರ್ಧಕ್ಕೇ ಬಿಟ್ಟು, ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಸರದಿಯಂತೆ ಕಾಯಿನ್ ರಶ್ ಆಡಿದೆವು. ತುದಿಗೆ ಒಂದು ಬೆರಳಿನಷ್ಟು ಕೆಳಗೆ ಜಾರಿ ನಾಣ್ಯ ಇಮ್ಮಡಿಯಾಗದೆ ಹೋದಾಗ ಅವನು “ಇನ್ನೊಂದ್ಸಲ ಕೊಡಲೇ” ಎಂದು ಯಂತ್ರಕ್ಕೆ ಕೈಚಾಚುತ್ತಿದ್ದ.